ಕೊಡ ತುಂಬಿಸುವವರು ಯಾರು?

2008ರ ಮಾತು. ಸಂಬಂಧಿಕರೊಬ್ಬರು ಕೊಟ್ಟ ಹಳೆಯ ಕಂಪ್ಯೂಟರೊಂದು ನಮ್ಮ ಮನೆಯ ಮೂಲೆಯಲ್ಲಿ ಕೂತಿತ್ತು. ಹೊಸ ತಂತ್ರಾಂಶ ಯಾವುದನ್ನೂ ಹೊರುವ ತ್ರಾಣ ಅದಕ್ಕಿರಲಿಲ್ಲ. ಉಚಿತವಾಗಿ ಸಿಗುವ ಲಿನಕ್ಸ್‌ನ ಒಂದು ಹಳೆಯ, ಹಗುರವಾದ ಆವೃತ್ತಿ ಹಾಕಿದರೆ ಕನ್ನಡವನ್ನೂ ಉರ್ದುವನ್ನೂ ಒಂದೇ ಪುಟದಲ್ಲಿ ಟೈಪ್ ಮಾಡಬಹುದು ಎಂದು ಅಕ್ಕನ ಮಗ ಹೇಳಿದ. ಅವನು ಆಗ ಪಿಯುಸಿ ಓದುತ್ತಿದ್ದ. ಇಂಥ ವಿಷಯಗಳಲ್ಲಿ ಮನೆಗೆಲ್ಲ ಅವನೇ ಗುರು. ಕಡತ ಸುಮಾರು 700 ಎಂಬಿ. ನಮ್ಮ ಇಂಟರ್‌ನೆಟ್ಟಿನಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಬಳಸಿದರೂ ಲೆಕ್ಕಕ್ಕಿಲ್ಲ, ಉಳಿದ ಹೊತ್ತಿನಲ್ಲಿ ಮಿತಿ ಮೀರಿದರೆ ದುಡ್ಡು. ಹಾಗಾಗಿ ಅಲಾರಂ ಇಟ್ಟು ಎದ್ದು, ಟೊರೆಂಟ್ ಹಚ್ಚಿ, ಮತ್ತೆ ಮಲಗುತ್ತಿದ್ದೆವು.

ಮೂರನೆಯ ರಾತ್ರಿ ತೆರೆಯ ಮೇಲಿನ ಅಂಕಿ 97ಕ್ಕೆ ಬಂದು ನಿಂತಿತು. ಮುಂದಿನ ಐದು ರಾತ್ರಿ ಕದಲಲಿಲ್ಲ. ಪಟ್ಟಿಯಲ್ಲಿ ನಮ್ಮನ್ನು ಬಿಟ್ಟು ಹನ್ನೊಂದು ಜನ ಇದ್ದರು, ಎಲ್ಲರೂ 97ರಲ್ಲೇ. ಅವರಿಗೆ ಹೆಸರಿಲ್ಲ, ಊರಿಲ್ಲ. ಅಂಕಿಗಳ ಒಂದು ಸಾಲು, ಪಕ್ಕದಲ್ಲಿ ಯಾವುದೋ ದೇಶದ ಪುಟ್ಟ ಬಾವುಟ. "ನಮ್ಮ ಹತ್ರ ಇಲ್ಲದ್ದು ಅವರ ಹತ್ರಾನೂ ಇಲ್ಲ ಮಾಮು. ಪೂರ್ತಿ ಇರೋನು ಒಬ್ಬ ಬರಬೇಕು" ಎಂದ ಹುಡುಗ. ಅಂಥವನೊಬ್ಬ ಕಡೆಗೂ ಒಂದು ರಾತ್ರಿ ಬಂದ. ನಾಲ್ಕು ಗಂಟೆಯ ಹೊತ್ತಿಗೆ ನಮ್ಮದು ನೂರಾಯಿತು. ಅಷ್ಟರಲ್ಲಿ ಬಂದವನು ಹೊರಟುಹೋಗಿದ್ದ. ಉಳಿದವರು 98ರಲ್ಲೋ 99ರಲ್ಲೋ ಇನ್ನೂ ಕಾಯುತ್ತಿದ್ದರು.

"ಈಗ ಪೂರ್ತಿ ಇರೋದು ನಮ್ಮ ಹತ್ರ ಮಾತ್ರ ಮಾಮು. ಎಂಟು ಗಂಟೆವರೆಗೆ ಹೀಗೇ ಬಿಡಿ. ದುಡ್ಡೇನೂ ಬೀಳಲ್ಲ."

ಒಳಗೆ ಮಗು ಮಲಗಿತ್ತು. ಕಂಪ್ಯೂಟರಿನ ಫ್ಯಾನು ಗರಗರ ಎನ್ನುತ್ತಿತ್ತು. ನಿದ್ದೆಗಣ್ಣಿನಲ್ಲಿದ್ದ ನಾನು, "ಕೆಲಸ ಆಯ್ತಲ್ಲ, ಇನ್ನೇನು" ಎಂದು ಬಂದ್ ಮಾಡಿಬಿಟ್ಟೆ. ಹುಡುಗ ಏನೂ ಹೇಳಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ ಚಾಪೆಯ ಮೇಲೆ ಹೋಗಿ ಮಲಗಿದ. ಆ ನೋಟವೇ ಇಷ್ಟು ವರ್ಷಗಳ ನಂತರ ಈ ಲೇಖನ ಬರೆಸುತ್ತಿದೆ.

ನಾನು ಮಾಡಿದ್ದು ತಪ್ಪೇ? ಲೆಕ್ಕ ಹಾಕಿ ನೋಡಿದರೆ ತಪ್ಪು ಸಿಗುವುದಿಲ್ಲ. ಆ ಹನ್ನೊಂದು ಜನ ನನಗೆ ಚೂರುಗಳನ್ನು ಕೊಟ್ಟಿದ್ದರು, ನಾನೂ ಅವರಿಗೆ ಕೊಟ್ಟಿದ್ದೆ. ಅಲ್ಲಿಗೆ ಬಾಕಿ ಚುಕ್ತಾ. ಕೊನೆಯ ಚೂರುಗಳನ್ನು ಕೊಟ್ಟವನು ಏನನ್ನೂ ಕೇಳದೆ ಹೋಗಿಬಿಟ್ಟಿದ್ದ. ಹಾಗಾದರೆ ನಾನು ಋಣಿಯಾಗಿದ್ದದ್ದು ಯಾರಿಗೆ? ಕೊಟ್ಟವನಿಗೆ ತೀರಿಸಲಾಗದ ಋಣವನ್ನು, ನನಗೇನೂ ಕೊಡಬೇಕಿಲ್ಲದ ಮೂರನೆಯವನಿಗೆ ತೀರಿಸಬೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಈ ವ್ಯವಸ್ಥೆ ನಡೆಯುವ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಒಂದೇ ದೊಡ್ಡ ಯಂತ್ರದಿಂದ ಎಲ್ಲರೂ ಕಡತ ಇಳಿಸಿಕೊಳ್ಳುವುದು ಹಳೆಯ ಪದ್ಧತಿ. ಊರಿಗೊಂದೇ ನಲ್ಲಿ ಇದ್ದಂತೆ ಅದು. ಜನ ಹೆಚ್ಚಿದಷ್ಟೂ ಸಾಲು ಉದ್ದ. ಬಳಕೆದಾರರ ಕಂಪ್ಯೂಟರುಗಳೇ ಒಂದಕ್ಕೊಂದು ಕಡತ ಕೊಟ್ಟುಕೊಳ್ಳುವ ಪದ್ಧತಿ ಜನಪ್ರಿಯವಾದದ್ದು 1999ರಲ್ಲಿ ಬಂದ ನ್ಯಾಪ್‌ಸ್ಟರ್‌ನಿಂದ. ಅದರ ಸೂಚಿ ಮಾತ್ರ ಒಂದೇ ಕಡೆ ಇತ್ತು. ಹಾಗಾಗಿ ಅಮೆರಿಕದ ನ್ಯಾಯಾಲಯದ ಆದೇಶ ಬಂದಾಗ, 2001ರಲ್ಲಿ, ಅದು ಬಾಗಿಲು ಹಾಕಬೇಕಾಯಿತು. 2000ದಲ್ಲಿ ಬಂದ ನ್ಯುಟೆಲ್ಲಾದಲ್ಲಿ ಕೇಂದ್ರವೇ ಇರಲಿಲ್ಲ. ಎಲ್ಲರೂ ಸಮಾನರು, ಎಲ್ಲರೂ ಕೊಡುವವರು, ಎಲ್ಲರೂ ಪಡೆಯುವವರು ಎಂಬುದು ಅದರ ಕನಸು.

ಆ ಕನಸು ವಾಸ್ತವದಲ್ಲಿ ಏನಾಯಿತು ಎಂಬುದನ್ನು ಝೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದ ಐತಾನ್ ಅಡಾರ್ ಮತ್ತು ಬರ್ನಾರ್ಡೊ ಹೂಬರ್‌ಮನ್ ಅದೇ ವರ್ಷ ಅಳೆದು ನೋಡಿದರು. ನ್ಯುಟೆಲ್ಲಾ ಬಳಸುವವರಲ್ಲಿ ಶೇಕಡಾ 70ರಷ್ಟು ಜನ ಒಂದೇ ಒಂದು ಕಡತವನ್ನೂ ಹಂಚಿಕೊಂಡಿರಲಿಲ್ಲ. ಹುಡುಕಾಟಗಳಿಗೆ ಸಿಕ್ಕ ಉತ್ತರಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬಂದದ್ದು ಹಂಚುವವರ ಪೈಕಿ ಶೇಕಡಾ ಒಂದರಷ್ಟು ಜನರಿಂದ. ಐದು ವರ್ಷಗಳ ನಂತರ, 2005ರಲ್ಲಿ, ಇಂಗ್ಲೆಂಡಿನ ಸಂಶೋಧಕರು ಮತ್ತೆ ಅಳೆದಾಗ ಕೊಡದವರ ಪ್ರಮಾಣ ಶೇಕಡಾ 85ಕ್ಕೆ ಏರಿತ್ತು. ಸಮಾನತೆಯ ಹೆಸರಿನಲ್ಲಿ ಕಟ್ಟಿದ ಊರಿನಲ್ಲಿ ಬೆರಳೆಣಿಕೆಯ ಜನ ನೀರು ಹೊರುತ್ತಿದ್ದರು, ಊರೆಲ್ಲ ಕುಡಿಯುತ್ತಿತ್ತು.

ಈ ರೋಗಕ್ಕೆ ಮದ್ದು ಎಂಬಂತೆ ಬಂದದ್ದು ಬಿಟ್‌ಟೊರೆಂಟ್. ಬ್ರಾಮ್ ಕೋಹೆನ್ ಎಂಬ ಅಮೆರಿಕನ್ ಯುವಕ 2001ರಲ್ಲಿ ಇದನ್ನು ಬಿಡುಗಡೆ ಮಾಡಿದ. ಅವನು ಜನರ ಒಳ್ಳೆಯತನವನ್ನು ನೆಚ್ಚಿ ಕೂರಲಿಲ್ಲ. ಕಡತವನ್ನು ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸಿದ. ಒಬ್ಬನ ಬಳಿ ಒಂದಷ್ಟು ಚೂರು, ಇನ್ನೊಬ್ಬನ ಬಳಿ ಬೇರೆ ಒಂದಷ್ಟು. ಇಬ್ಬರಿಗೂ ಇಬ್ಬರ ಅಗತ್ಯ. ಪ್ರತಿ ಕಂಪ್ಯೂಟರೂ ಸಾಮಾನ್ಯವಾಗಿ ನಾಲ್ಕು ಜನಕ್ಕೆ ಮಾತ್ರ ಕೊಡುತ್ತದೆ. ಯಾರು ತನಗೆ ಹೆಚ್ಚು ವೇಗವಾಗಿ ಕೊಡುತ್ತಿದ್ದಾರೋ ಅವರಿಗೆ ಆದ್ಯತೆ. ಹತ್ತು ಸೆಕೆಂಡಿಗೊಮ್ಮೆ ಈ ಲೆಕ್ಕ ಮತ್ತೆ ಮತ್ತೆ ಆಗುತ್ತದೆ. ಕೊಡುವುದು ನಿಲ್ಲಿಸಿದವನಿಗೆ ಬಾಗಿಲು ಮುಚ್ಚುತ್ತದೆ.

ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಇದು ಮುಯ್ಯಾಳು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಬರೆದಿಟ್ಟುಕೊಳ್ಳುವ ಪುಸ್ತಕ ಎಷ್ಟು ಮನೆಗಳ ಪೆಟ್ಟಿಗೆಗಳಲ್ಲಿಲ್ಲ! ನಮ್ಮಮ್ಮನೂ ಅಂಥದೊಂದು ಪುಸ್ತಕವನ್ನು ಉರ್ದುವಿನಲ್ಲಿ ಬರೆದಿಟ್ಟಿದ್ದರು. ಯಾರದಾದರೂ ಮದುವೆಗೆ ಹೊರಡುವ ಮುನ್ನ ಅದನ್ನು ತೆರೆದು ನೋಡುತ್ತಿದ್ದರು. ಅದರಲ್ಲಿ ಸಣ್ಣತನವೇನೂ ಇರಲಿಲ್ಲ. ಪಡೆದದ್ದನ್ನು ಮರೆಯಬಾರದು ಎಂಬ ಎಚ್ಚರ ಅದು.

ಆದರೆ ಮುಯ್ಯಿಯ ಈ ಯಂತ್ರವನ್ನು ಹತ್ತಿರದಿಂದ ನೋಡಿದರೆ ಎರಡು ಕಡೆ ಅದು ಮುಯ್ಯಿಯಿಂದ ನಡೆಯುವುದಿಲ್ಲ ಎಂಬುದು ಗೊತ್ತಾಗುತ್ತದೆ.

ಮೊದಲನೆಯದು, ಹೊಸಬ ಬಂದಾಗ. ಈಗಷ್ಟೇ ಬಂದವನ ಬಳಿ ಒಂದು ಚೂರೂ ಇಲ್ಲ. ಕೊಡಲು ಏನೂ ಇಲ್ಲದವನಿಗೆ ಯಾರೂ ಕೊಡುವುದಿಲ್ಲವೆಂದರೆ ಅವನು ಎಂದಿಗೂ ಆರಂಭಿಸಲಾರ. ಇದಕ್ಕಾಗಿ ಕೋಹೆನ್ ಒಂದು ಏರ್ಪಾಡು ಮಾಡಿದ. ಪ್ರತಿ ಕಂಪ್ಯೂಟರೂ ಒಂದು ಬಾಗಿಲನ್ನು ಲೆಕ್ಕವಿಲ್ಲದೆ ತೆರೆದಿಡುತ್ತದೆ. ಯಾರೋ ಒಬ್ಬನನ್ನು, ಅವನು ಏನು ಕೊಟ್ಟಿದ್ದಾನೆ ಎಂದು ಕೇಳದೆ, ಮೂವತ್ತು ಸೆಕೆಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಇನ್ನೊಬ್ಬನ ಸರದಿ. 1980ರ ಸುಮಾರಿಗೆ ರಾಬರ್ಟ್ ಆಕ್ಸೆಲ್‌ರಾಡ್ ಎಂಬ ರಾಜ್ಯಶಾಸ್ತ್ರಜ್ಞ ಕಂಪ್ಯೂಟರ್ ತಂತ್ರಗಳ ನಡುವೆ ಒಂದು ಪಂದ್ಯ ಏರ್ಪಡಿಸಿದ್ದ. ಅದರಲ್ಲಿ ಗೆದ್ದದ್ದು ಅನಾಟೊಲ್ ರಾಪೊಪೋರ್ಟ್ ಕಳುಹಿಸಿದ, ಎಲ್ಲಕ್ಕಿಂತ ಸರಳವಾದ ತಂತ್ರ: ಎದುರಿನವನು ಹಿಂದಿನ ಸಲ ಮಾಡಿದ್ದನ್ನೇ ನೀನೂ ಮಾಡು. ಆದರೆ ಮೊದಲ ನಡೆಯಲ್ಲಿ? ಮೊದಲ ನಡೆಯಲ್ಲಿ ಸಹಕರಿಸು. ಅಂದರೆ ಮುಯ್ಯಿಯ ಪುಸ್ತಕದ ಮೊದಲ ಸಾಲು ಮುಯ್ಯಿ ಆಗಿರಲಾರದು. ಯಾರೋ ಒಬ್ಬರು ನಂಬಿ ಕೊಟ್ಟಿರಬೇಕು.

ಈ ತೆರೆದ ಬಾಗಿಲಿನ ಬೆಲೆ ಗೊತ್ತಾಗುವುದು ಇನ್ನೊಂದು ಸಂಗತಿಯನ್ನು ನೋಡಿದಾಗ. ವೇಗಕ್ಕೆ ತಕ್ಕ ಪ್ರತಿಫಲ ಎಂದ ಮೇಲೆ ವೇಗದವರು ವೇಗದವರೊಂದಿಗೇ ಕೂಡಿಕೊಳ್ಳುತ್ತಾರೆ, ನಿಧಾನದವರು ನಿಧಾನದವರೊಂದಿಗೆ. ಫ್ರಾನ್ಸ್ ಮತ್ತು ಅಮೆರಿಕದ ಸಂಶೋಧಕರ ತಂಡವೊಂದು 2007ರಲ್ಲಿ ಪ್ರಯೋಗ ಮಾಡಿ ಇದನ್ನು ಖಚಿತಪಡಿಸಿತು. ಯಾರೂ ಯಾರನ್ನೂ ಹೊರಗಿಡಲಿಲ್ಲ, ಯಾರೂ ಮೋಸ ಮಾಡಲಿಲ್ಲ, ಆದರೂ ಕೇರಿಗಳು ತಾವಾಗಿಯೇ ಹುಟ್ಟಿಕೊಂಡವು. ಈ ನ್ಯಾಯ ನೋಡುವುದು ಎಷ್ಟು ಕೊಟ್ಟೆ ಎಂಬುದನ್ನು ಮಾತ್ರ. ಎಷ್ಟು ಇದ್ದದ್ದರಲ್ಲಿ ಕೊಟ್ಟೆ ಎಂಬುದು ಅದಕ್ಕೆ ಬೇಡ. ನಮ್ಮ ಮನೆಯ ಸಂಪರ್ಕದಲ್ಲಿ ಇಳಿಸಿಕೊಳ್ಳುವ ದಾರಿ ಅಗಲ, ಮೇಲೆ ಕಳುಹಿಸುವ ದಾರಿ ಇಕ್ಕಟ್ಟು. ಆ ಕಾಲದ ಹೆಚ್ಚಿನ ಮನೆಗಳದೂ ಅದೇ ಸ್ಥಿತಿ. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಸೈಬರ್ ಸೆಂಟರಿನಲ್ಲಿ ಕೂತವನು ತನ್ನ ಕೆಲಸ ಮುಗಿದೊಡನೆ ಎದ್ದು ಹೋದರೆ ಅವನನ್ನು ಸ್ವಾರ್ಥಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇದ್ದೂ ಕೊಡದವನು ಬೇರೆ, ಇಲ್ಲದೆ ಕೊಡಲಾಗದವನು ಬೇರೆ. ಯಂತ್ರಕ್ಕೆ ಈ ವ್ಯತ್ಯಾಸ ತಿಳಿಯದು.

ಮುಯ್ಯಿ ಕೈಕೊಡುವ ಎರಡನೆಯ ಜಾಗ ಕೊನೆಯದು. ಕಡತ ಪೂರ್ತಿಯಾದವನಿಗೆ ಇನ್ನು ಯಾರಿಂದಲೂ ಏನೂ ಬೇಕಿಲ್ಲ. ಅವನನ್ನು ಕಟ್ಟಿಹಾಕುವ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೂ ಉಳಿದು ಕೊಡುತ್ತಿರುವವನನ್ನು ಈ ಲೋಕದ ಭಾಷೆಯಲ್ಲಿ ಸೀಡ್ ಎನ್ನುತ್ತಾರೆ, ಅಂದರೆ ಬೀಜ. ಇನ್ನೂ ಇಳಿಸಿಕೊಳ್ಳುತ್ತಿರುವವನು ಲೀಚ್, ಅಂದರೆ ಜಿಗಣೆ. ಜಿಗಣೆಯಾಗಿ ಬಂದವನು ಬೀಜವಾಗಿ ನಿಲ್ಲುತ್ತಾನೋ ಇಲ್ಲವೋ ಎಂಬುದನ್ನು ಯಾವ ನಿಯಮವೂ ನಿರ್ಧರಿಸುವುದಿಲ್ಲ. ಅದು ಅವನ ಮನಸ್ಸಿಗೆ ಬಿಟ್ಟದ್ದು.

ಜನ ಎಷ್ಟು ಹೊತ್ತು ನಿಲ್ಲುತ್ತಾರೆ? ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕಡತವನ್ನು ಪೂರ್ತಿ ಇಳಿಸಿಕೊಂಡ 53,883 ಮಂದಿಯನ್ನು ಗಮನಿಸಿದ್ದರು. ಅದಾದ ಮೇಲೆ ಒಂದು ಗಂಟೆಗಿಂತ ಹೆಚ್ಚು ಉಳಿದವರು ಶೇಕಡಾ 17. ಹತ್ತು ಗಂಟೆ ದಾಟಿದವರು ಶೇಕಡಾ 3.1. ನೂರು ಗಂಟೆ ದಾಟಿದವರು 183 ಮಂದಿ. ಹೊಸ ಕಡತಕ್ಕೆ ಜನ ಮುಗಿಬಿದ್ದಿರುವಾಗ ಇದರಿಂದ ತೊಂದರೆಯಿಲ್ಲ. ಎಲ್ಲರ ಬಳಿ ಕಡಿಮೆ ಇರುವ ಚೂರನ್ನೇ ಮೊದಲು ಕೇಳಬೇಕು ಎಂಬ ಜಾಣ ನಿಯಮ ಇದೆ. ಅಪರೂಪದ್ದು ಬೇಗ ಹರಡುತ್ತದೆ. ಆದರೆ ಜಾತ್ರೆ ಮುಗಿದ ಮೇಲೆ ಬರುವವನ ಗತಿ ಆ ಕೊನೆಯ ಒಬ್ಬಿಬ್ಬರ ಮೇಲೆ ನಿಂತಿದೆ. ಅವರೂ ಎದ್ದು ಹೋದರೆ ಹನ್ನೆರಡು ಜನ 97ರಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಬೇಕು.

ಇದಕ್ಕೆ ಇನ್ನೊಂದು ಮುಖವೂ ಇದೆ. 2003ರಲ್ಲಿ ರೆಡ್ ಹ್ಯಾಟ್ 9 ಎಂಬ ಲಿನಕ್ಸ್ ಆವೃತ್ತಿ ಬಿಡುಗಡೆಯಾದಾಗ ಅದರ 1.77 ಜಿಬಿ ಕಡತ ಬಿಟ್‌ಟೊರೆಂಟ್ ಮೂಲಕ ಹಂಚಿಕೆಯಾಯಿತು. ಐದು ತಿಂಗಳಲ್ಲಿ ಸುಮಾರು 1,80,000 ಕಂಪ್ಯೂಟರುಗಳು ಬಂದುಹೋದವು. ಮೊದಲ ಐದು ದಿನಗಳಲ್ಲೇ 51,000. ಇದನ್ನು ಅಧ್ಯಯನ ಮಾಡಿದವರು ಕಂಡದ್ದು: ಕೆಲಸ ಮುಗಿದ ಮೇಲೂ ಜನ ಸರಾಸರಿ ಆರೂವರೆ ಗಂಟೆ ಉಳಿದಿದ್ದರು. ಇನ್ನೂ ಪಡೆಯುತ್ತಿದ್ದವರು ಪರಸ್ಪರ ಕೊಟ್ಟದ್ದಕ್ಕಿಂತ ಹೀಗೆ ಉಳಿದವರು ಕೊಟ್ಟದ್ದೇ ಎರಡು ಪಟ್ಟಿಗೂ ಹೆಚ್ಚು. ಅಂದರೆ ಮುಯ್ಯಿಯ ಮೇಲೆ ನಿಂತಿದೆ ಎಂದು ನಾವು ತಿಳಿದ ಕಟ್ಟಡದ ಭಾರವನ್ನು ಮುಯ್ಯಿಯ ಹಂಗಿಲ್ಲದವರು ಹೊತ್ತಿದ್ದರು.

ಅವರೇಕೆ ಉಳಿದರು? ಅಧ್ಯಯನಕಾರರು ಸೂಚಿಸಿದ ಒಂದು ಕಾರಣ ಓದಿ ನನಗೆ ನಗು ಬಂತು. ಇಳಿಕೆ ಬಹಳ ಹೊತ್ತು ನಡೆಯುತ್ತದೆ, ರಾತ್ರಿಯೆಲ್ಲ ನಡೆಯುತ್ತದೆ. ಮುಗಿದರೂ ಯಾರಾದರೂ ಬಂದು ಬಂದ್ ಮಾಡುವತನಕ ಅದು ಕೊಡುತ್ತಲೇ ಇರುತ್ತದೆ. ಜನ ಪ್ರಾಯಶಃ ನಿದ್ದೆ ಮಾಡುತ್ತಿದ್ದರು! ಅವರ ಔದಾರ್ಯದ ಒಂದು ಪಾಲು ನಿದ್ದೆಯ ಔದಾರ್ಯ. ಹಾಗಿದ್ದರೆ ಅದು ಒಳ್ಳೆಯತನವೇ? ಉದ್ದೇಶವಿಲ್ಲದ ಒಳಿತಿಗೆ ಪುಣ್ಯ ಉಂಟೇ ಎಂದು ಪಂಡಿತರು ಚರ್ಚಿಸಲಿ. ಪಡೆದವನಿಗಂತೂ ಚೂರು ತಲುಪಿತು. ನನ್ನನ್ನು ಚುಚ್ಚುವುದು ಬೇರೆ. ಮಲಗಿದ್ದವರು ಕೊಟ್ಟರು, ಎಚ್ಚರವಿದ್ದ ನಾನು ಕೈಚಾಚಿ ಬಂದ್ ಮಾಡಿದೆ. ನನ್ನ ಕೆಲಸದಲ್ಲಿ ಉದ್ದೇಶ ಇತ್ತು.

ಜಾಣರು ಇನ್ನೂ ಮುಂದೆ ಹೋದರು. 2006ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಝೂರಿಕ್‌ನ ಸಂಶೋಧಕರು ಬಿಟ್‌ಥೀಫ್ ಎಂಬ ತಂತ್ರಾಂಶ ರಚಿಸಿ, ಒಂದು ಚೂರನ್ನೂ ಕೊಡದೆ ಪೂರ್ತಿ ಕಡತ ಪಡೆಯಬಹುದೆಂದು ತೋರಿಸಿದರು. ಹೊಸಬರಿಗಾಗಿ ತೆರೆದಿಟ್ಟ ಬಾಗಿಲಿನಿಂದಲೂ ಬೀಜಗಳ ದಾನದಿಂದಲೂ ಅದು ಬದುಕುತ್ತಿತ್ತು. 2007ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಬಿಟ್‌ಟೈರಂಟ್ ಎಂಬುದನ್ನು ತಂದರು. ಇದು ಕದಿಯುವುದಿಲ್ಲ, ಆದರೆ ಜಿಪುಣ. ಎದುರಿನವನು ಕೊಡುವುದನ್ನು ನಿಲ್ಲಿಸದಿರಲು ಎಷ್ಟು ಬೇಕೋ ಅಷ್ಟೇ ಅಳೆದು ಕೊಡುತ್ತದೆ, ಮಿಕ್ಕದ್ದರಿಂದ ಇನ್ನಷ್ಟು ಜನರ ಸ್ನೇಹ ಕೊಳ್ಳುತ್ತದೆ. ಒಬ್ಬನೇ ಹೀಗೆ ಮಾಡಿದರೆ ಅವನಿಗೆ ದೊಡ್ಡ ಲಾಭ. ಎಲ್ಲರೂ ಹೀಗೆ ಮಾಡಿ, ಮಿಕ್ಕದ್ದನ್ನು ತಮ್ಮಲ್ಲೇ ಹಿಡಿದಿಟ್ಟುಕೊಂಡರೆ ಎಲ್ಲರಿಗೂ ನಷ್ಟ. ಆ ತಂಡ ಕಂಡುಕೊಂಡ ಸತ್ಯ ಇದು: ಬಿಟ್‌ಟೊರೆಂಟ್ ಚೆನ್ನಾಗಿ ನಡೆಯುತ್ತಿದ್ದುದಕ್ಕೆ ಬಹುಪಾಲು ಕಾರಣ, ಸಾಮರ್ಥ್ಯವಿದ್ದವರು ತಾವು ಪಡೆದದ್ದಕ್ಕಿಂತ ಹೆಚ್ಚು ಕೊಡುತ್ತಿದ್ದುದು.

ಹಾಗಾದರೆ ಕಡ್ಡಾಯ ಮಾಡಿದರಾಯಿತಲ್ಲ? ಹಾಗೂ ಮಾಡಿ ನೋಡಿದವರಿದ್ದಾರೆ. ಸದಸ್ಯರಿಗೆ ಮಾತ್ರ ಪ್ರವೇಶವಿರುವ ಕೆಲವು ಕೂಟಗಳಲ್ಲಿ ಪ್ರತಿಯೊಬ್ಬನ ಲೆಕ್ಕ ಇಡುತ್ತಾರೆ. ಪಡೆದದ್ದಕ್ಕೆ ತಕ್ಕಷ್ಟು ಕೊಡದವನನ್ನು ಹೊರಹಾಕುತ್ತಾರೆ. ಅಲ್ಲಿ ಬೀಜಗಳಿಗೆ ಬರವಿಲ್ಲ, ವೇಗವೂ ಹೆಚ್ಚು. ಆದರೆ ಅಲ್ಲೊಂದು ವಿಚಿತ್ರ ಬಡತನ ಹುಟ್ಟಿತು. ಕೊಡಲು ಎಲ್ಲರೂ ಸಾಲುಗಟ್ಟಿ ನಿಂತಿದ್ದಾರೆ, ಪಡೆಯುವವರಿಲ್ಲ. ನಿಧಾನದ ಸಂಪರ್ಕದ ಹೊಸಬ ದಿನಗಟ್ಟಲೆ ಬಾಗಿಲು ತೆರೆದು ಕೂತರೂ ಅವನ ಖಾತೆ ಏರುವುದಿಲ್ಲ. ಕೊಡುವ ಮನಸ್ಸಿದ್ದೂ ಕೊಡಗೊಡದ ವ್ಯವಸ್ಥೆ ಅದು.

ಇದನ್ನು ಓದುವಾಗ ನನಗೆ ನಮ್ಮ ಉರ್ದು ಶಾಲೆಯ ಜಗಲಿ ನೆನಪಾಯಿತು. ಅಲ್ಲೊಂದು ಮಣ್ಣಿನ ಕೊಡ ಇತ್ತು, ಅದರ ಮೇಲೊಂದು ತಟ್ಟೆ, ತಟ್ಟೆಯ ಮೇಲೊಂದು ಲೋಟ. ಕೊಡ ಯಾವಾಗಲೂ ಖಾಲಿ ಬೀಳುತ್ತಿತ್ತು. ಮೇಷ್ಟ್ರು ಒಂದು ನಿಯಮ ಮಾಡಿದರು: ಯಾರು ಕೊನೆಯ ಲೋಟ ಕುಡಿಯುತ್ತಾರೋ ಅವರೇ ಬಾವಿಯಿಂದ ತಂದು ತುಂಬಬೇಕು. ನ್ಯಾಯವಾದ ನಿಯಮ. ಮರುದಿನದಿಂದ ಏನಾಯಿತು ಗೊತ್ತೇ? ಯಾರೂ ಕೊನೆಯ ಲೋಟ ಕುಡಿಯಲಿಲ್ಲ. ತಳದಲ್ಲಿ ಅರ್ಧ ಲೋಟದಷ್ಟು ನೀರು ಉಳಿದಿರುತ್ತಿತ್ತು. ಬಾಯಾರಿ ಬಂದವರೆಲ್ಲ ಬಗ್ಗಿ ನೋಡಿ, ಹಾಗೇ ಹೋಗುತ್ತಿದ್ದೆವು. ನೀರು ಇದ್ದೂ ಇಲ್ಲದಂತೆ. ಆದರೂ ಎಷ್ಟೋ ಮಧ್ಯಾಹ್ನ ಕೊಡ ತುಂಬಿರುತ್ತಿತ್ತು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಯಾರಿಗೂ ಹೇಳದೆ ತಂದು ತುಂಬುತ್ತಿದ್ದಳು ಎಂದು ನಮಗೆ ತಿಳಿದದ್ದು ಅವಳು ಶಾಲೆ ಬಿಟ್ಟ ಮೇಲೆ, ಕೊಡ ಒಣಗಿದಾಗ.

ಇಲ್ಲಿ ಒಂದು ಮಾತನ್ನು ಮುಚ್ಚಿಡುವಂತಿಲ್ಲ. ಈ ಜಾಲಗಳಲ್ಲಿ ಹಂಚಿಕೆಯಾದದ್ದರಲ್ಲಿ ಬಹಳಷ್ಟು ಪರರ ಸೊತ್ತು: ಹಾಡು, ಸಿನಿಮಾ, ಪುಸ್ತಕ. ಹಕ್ಕು ಉಲ್ಲಂಘನೆಗೆ ಪ್ರೇರೇಪಿಸುವವರೂ ಹೊಣೆಗಾರರು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲಿ ಗ್ರೋಕ್‌ಸ್ಟರ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ನಾನೂ ಕಥೆ ಬರೆದು ಪುಸ್ತಕ ಮಾಡಿದವನು. ಕದ್ದದ್ದನ್ನು ಕಳ್ಳರು ತಮ್ಮತಮ್ಮಲ್ಲಿ ಎಷ್ಟೇ ನ್ಯಾಯವಾಗಿ ಹಂಚಿಕೊಂಡರೂ ಅದು ನ್ಯಾಯವಾಗುವುದಿಲ್ಲ. ಆದರೆ ಕೊಡ ಬೇರೆ, ಅದರೊಳಗಿನದು ಬೇರೆ. ಲಿನಕ್ಸ್‌ನ ಎಷ್ಟೋ ಆವೃತ್ತಿಗಳು ಇಂದಿಗೂ ಟೊರೆಂಟ್ ಮೂಲಕ ಸಿಗುತ್ತವೆ. ಇಂಟರ್‌ನೆಟ್ ಆರ್ಕೈವ್ ಎಂಬ ಅಂತರ್ಜಾಲ ಗ್ರಂಥಭಂಡಾರ 2012ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಡತಗಳನ್ನು ಈ ದಾರಿಯಲ್ಲಿ ತೆರೆದಿಟ್ಟಿತು. ನಾನು ಕೇಳುತ್ತಿರುವ ಪ್ರಶ್ನೆ ಅಂಥ ಹಲಾಲಾದ ನೀರಿನ ಬಗ್ಗೆ.

ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ನಾನು ಯಾರಿಗೆ ಋಣಿಯಾಗಿದ್ದೆ? ಮುಯ್ಯಿ ಇಬ್ಬರ ನಡುವಿನ ಲೆಕ್ಕ. ಅದು ಬೇಕು, ಅದಿಲ್ಲದ ನ್ಯುಟೆಲ್ಲಾದ ಗತಿ ಏನಾಯಿತೆಂದು ನೋಡಿದೆವು. ನ್ಯಾಯವಿಲ್ಲದ ಕಡೆ ಔದಾರ್ಯವೂ ಬಹಳ ದಿನ ಬಾಳುವುದಿಲ್ಲ, ಹೊರುವವನ ಬೆನ್ನು ಮುರಿಯುತ್ತದೆ. ಆದರೆ ಲೆಕ್ಕ ಶುರುವಾಗುವುದಕ್ಕೆ ಮುಂಚೆ ಒಬ್ಬ ನಂಬಬೇಕು, ಲೆಕ್ಕ ಮುಗಿದ ಮೇಲೆ ಒಬ್ಬ ನಿಲ್ಲಬೇಕು. ಆ ಒಬ್ಬನಿಗೆ ತೀರಿಸುವ ದಾರಿ, ಅವನು ನಿಂತ ಜಾಗದಲ್ಲಿ ಸ್ವಲ್ಪ ಹೊತ್ತು ನಾವು ನಿಲ್ಲುವುದು. ಅವನು ನನಗೆ ಕೊಟ್ಟದ್ದು ಚೂರುಗಳನ್ನು ಮಾತ್ರವಲ್ಲ, ತನ್ನ ಸರದಿಯನ್ನೂ. ಅದನ್ನು ನಾನು ತೆಗೆದುಕೊಳ್ಳಲಿಲ್ಲ.

ಎಷ್ಟು ಹೊತ್ತು ನಿಲ್ಲಬೇಕು ಎಂದು ಕೇಳಿದರೆ ನನ್ನಲ್ಲಿ ಅಳತೆಗೋಲಿಲ್ಲ. ಇಲ್ಲದವನಿಗೆ ಒಂದು ನಿಮಿಷವೂ ಹೆಚ್ಚು. ನನಗೆ ಅಂದು ನಾಲ್ಕು ಗಂಟೆ ಇತ್ತು, ಬಿಟ್ಟಿಯಾಗಿ ಇತ್ತು, ಅಷ್ಟೇ ಗೊತ್ತು. ಆ ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಳೆದ ಹಬ್ಬಕ್ಕೆ ಬಂದಾಗ ಆ ರಾತ್ರಿಯ ಸುದ್ದಿ ತೆಗೆದೆ. ಅವನಿಗೆ ನೆನಪಿತ್ತು.

"ಅವರಿಗೆಲ್ಲ ಆಮೇಲೆ ಸಿಕ್ಕಿರುತ್ತೇನೋ?" ಎಂದೆ.

"ಗೊತ್ತಿಲ್ಲ ಮಾಮು" ಎಂದ ಅವನು. "ನಾವು ಬಂದ್ ಮಾಡಿದ್ವಲ್ಲ."

ನಾನು ಬಂದ್ ಮಾಡಿದ್ದನ್ನು ಅವನು 'ನಾವು' ಎಂದ. ಅಷ್ಟು ಔದಾರ್ಯ ಅವನಲ್ಲಿತ್ತು.